ಬಿಡಲು ಬರುವ ಸಂಕ

ಅಂಗನವಾಡಿಯ ಅಕ್ಕೋರು ನನ್ನ ಶೆಡ್ಡಿಗೆ ಮೊದಲು ಬಂದದ್ದು ಚಳಿಗಾಲದ ಒಂದು ಬೆಳಿಗ್ಗೆ. ಯಲ್ಲಾಪುರದಲ್ಲಿ ಅಂಕೋಲಾ ರಸ್ತೆಗೆ ಮುಖ ಮಾಡಿದ ವೆಲ್ಡಿಂಗ್ ಶೆಡ್ಡು ನನ್ನದು. ಅಲ್ಲಿಗೆ ಬರುವವರೆಲ್ಲ ಲಾರಿಯವರು. ಚಾಸಿ ಬಿರುಕು ಬಿಟ್ಟಿದೆ, ಹಿಂಬಾಗಿಲು ಕಳಚಿದೆ, ಬಂಪರ್ ಮುದುಡಿದೆ ಅಂತ. ಹೆಂಗಸರು ಬಂದರೆಂದರೆ ಮನೆ ಗೇಟಿಗೋ ಕಿಟಕಿ ಗ್ರಿಲ್ಲಿಗೋ ಇರಬೇಕು ಅಂತ ನನ್ನ ಲೆಕ್ಕ. ಈಯಮ್ಮ ಬಗಲ ಚೀಲದಿಂದ ನಾರಿನ ಹಗ್ಗ ತೆಗೆದು ಒಂದು ತುದಿಯನ್ನು ನನ್ನ ತಮ್ಮನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಅಂಗಳದುದ್ದಕ್ಕೂ ನಡೆದುಬಿಟ್ಟರು. ನಿಂತಿದ್ದ ಎರಡು ಲಾರಿಗಳ ನಡುವೆ ಹಾದು ರಸ್ತೆಯ ಅಂಚು ಮುಟ್ಟಿದಾಗ ಹಗ್ಗ ಬಿಗಿಯಾಯಿತು.

“ಇಷ್ಟು ಅಗಲ ಸಾಬ್ರೆ,” ಅಂತ ಅಲ್ಲಿಂದಲೇ ಕೂಗಿದರು. “ಇಷ್ಟಕ್ಕೆ ಒಂದು ಕಬ್ಬಿಣದ ಸಂಕ ಆಗ್ಬೇಕು.”

ಹಳ್ಳ ದಾಟಲು ಹಾಕುವ ಕಾಲುಸೇತುವೆಗೆ ನಮ್ಮ ಕಡೆ ಸಂಕ ಅಂತಲೇ ಹೆಸರು. ಅಡಿಕೆ ಮರವನ್ನು ಕಡಿದು ಒಂದರ ಪಕ್ಕ ಒಂದು ಜೋಡಿಸಿ, ಹಿಡಿದುಕೊಳ್ಳಲು ಬಿದಿರು ಕಟ್ಟಿದರೆ ಆಯಿತು. ಮಳೆಗಾಲಕ್ಕೆ ಮುಂಚೆ ಮನೆಗೊಬ್ಬರಂತೆ ಸೇರಿ ಹಾಕುತ್ತಾರೆ. ಅಕ್ಕೋರ ಊರು ಇಡಗುಂದಿಯಿಂದ ಒಳಗೆ, ಗುಡ್ಡದ ಬುಡದಲ್ಲಿ. ಅಂಗನವಾಡಿ ಹಳ್ಳದ ಈಚೆಗೆ, ರಸ್ತೆಯ ಕಡೆ. ಅವರ ಮನೆಯೂ ಇನ್ನೊಂದಷ್ಟು ಮನೆಗಳೂ ಆಚೆಗೆ. ಆಚೆ ಕೇರಿಯ ಮಕ್ಕಳನ್ನು ಬೆಳಿಗ್ಗೆ ಕೋಳಿಮರಿಗಳ ಹಾಗೆ ಸೇರಿಸಿಕೊಂಡು ದಾಟಿಸಿ ಕರೆತರುವುದು, ಮಧ್ಯಾಹ್ನದ ಮೇಲೆ ಮತ್ತೆ ದಾಟಿಸಿ ಮನೆ ಮುಟ್ಟಿಸುವುದು ಅವರ ನಿತ್ಯದ ಕೆಲಸ.

“ಮುಂಚೆ ಮಳೆ ಹೇಳಿ ಕೇಳಿ ಬರ್ತಿತ್ತು,” ಅಂದರು ಚಹಾ ಕುಡಿಯುತ್ತ. “ವಾರಗಟ್ಲೆ ಜಿರ್ರ್ ಅಂತ ಹೊಯ್ಯೂದು, ಹಳ್ಳ ಒಂದೊಂದೇ ಮೆಟ್ಲು ಹತ್ತಿದಾಂಗೆ ಏರೂದು. ಆಷಾಢದಲ್ಲಿ ಒಂದ್ಸಲ ಸಂಕ ಹೋಗೂದು, ಆಮೇಲೆ ನೀರು ಇಳಿಯೋವರಿಗೆ ಯಾರೂ ದಾಟೂದಿಲ್ಲ. ಈಗ ಹಾಂಗಲ್ಲ. ನಮ್ಮಲ್ಲಿ ಬಿಸ್ಲು ಇರ್ತದೆ, ಮೇಲೆ ಗುಡ್ಡದಲ್ಲಿ ಎಲ್ಲೋ ಸುರಿತದೆ, ನೋಡ್ತಾ ನೋಡ್ತಾ ಎದೆಮಟ್ಟ ನೀರು. ಅದೂ ಮರಗಿರ ಎಲ್ಲ ಹೊತ್ಕಂಡು ಬರ್ತದೆ. ಮರುದಿನ ನೋಡಿದ್ರೆ ಕಾಲು ತೊಳಿಯುವಷ್ಟೇ! ಹೋದ್ವರ್ಷ ಸಂಕ ಹಾಕಿ ಹಾಕಿ ಗಂಡಸ್ರಿಗೆ ಸಾಕಾಗಿ ಹೋಯ್ತು.”

ಅವರ ಸೂಪರ್‌ವೈಸರ್ ಮೇಡಮ್ಮು ಒಳ್ಳೆಯವರೇ ಅಂತೆ. ಆದರೆ ಈ ಮಳೆಗಾಲದಲ್ಲೂ ಆಚೆ ದಡದ ಮಕ್ಕಳು ಬರದೇ ಹೋದರೆ ಈ ಅಂಗನವಾಡಿಯನ್ನು ಹೆದ್ದಾರಿ ಬದಿಯ ಊರಿನದಕ್ಕೆ ಸೇರಿಸಿಬಿಡುವ ಮಾತು ನಡೆದಿದೆ, ತನ್ನ ಕೈಯಲ್ಲಿ ಏನೂ ಇಲ್ಲ ಅಂತ ಹೇಳಿ ಹೋಗಿದ್ದರು.

“ನನ್ನ ಕೆಲಸ ಹೋಗೂದು ಒಂದು ಕಡೆ. ಅಷ್ಟು ದೂರಕ್ಕೆ ಆ ಮಕ್ಳನ್ನ ಯಾರು ಕಳಿಸ್ತಾರೆ ಹೇಳಿ? ಮನೇಲೇ ಕೂತ್ಕಳ್ತಾವೆ, ಅಷ್ಟೇ.”

ನಾನು ಒಪ್ಪಿಕೊಂಡೆ. ಖರ್ಚನ್ನು ಊರವರೂ ಪಂಚಾಯ್ತಿಯೂ ಸೇರಿ ನೋಡಿಕೊಂಡರು, ಆ ಮಾತು ಇಲ್ಲಿ ಬೇಡ. ದೊಡ್ಡ ಸೇತುವೆಯ ಅರ್ಜಿ ಮೇಲೆ ಹೋಗಿದೆ, ಬರುವವರೆಗೆ ಇದಾದರೂ ಆಗಲಿ ಅಂತ ಪಂಚಾಯ್ತಿಯ ಎಂಜಿನಿಯರು ತಾವೇ ಬಂದು ಎರಡೂ ದಡದಲ್ಲಿ ಕಾಂಕ್ರೀಟು ಕಂಬದ ಜಾಗ ತೋರಿಸಿಕೊಟ್ಟರು.

ಶಿರಸಿಯ ಗುಜರಿಯಲ್ಲಿ ಒಂದು ಹಳೇ ಲಾರಿಯ ಚಾಸಿ, ಅಡಿಯ ಉದ್ದನೆಯ ಕಬ್ಬಿಣದ ಚೌಕಟ್ಟು, ಸಿಕ್ಕಿತು. ಅದನ್ನು ಉದ್ದಕ್ಕೆ ಸೀಳಿ, ನಡುವೆ ಅಡ್ಡಪಟ್ಟಿ ಕೊಟ್ಟು, ಮೇಲೆ ಕಾಲು ಜಾರದ ಹಾಗೆ ಗೀರು ಇರುವ ಶೀಟು ಹಾಸಿದೆ. ಗಟ್ಟಿ ಕೆಲಸಕ್ಕೆ ನಾನು ಈ ರಸ್ತೆಯಲ್ಲಿ ಹೆಸರಾದವನು, ಸುಳ್ಳು ಯಾಕೆ ಹೇಳಲಿ. ಕೆಲಸ ಕಲಿಸುವಾಗ ನಮ್ಮ ಅಬ್ಬಾ ಹೇಳುತ್ತಿದ್ದರು, ಬೆಸುಗೆ ಹಾಕಿದ ಮೇಲೆ ತಾನು ಯಾವತ್ತೋ ಎರಡಾಗಿದ್ದೆ ಅನ್ನುವುದನ್ನು ಕಬ್ಬಿಣ ಮರೆತುಬಿಡಬೇಕು ಅಂತ. ನಾನು ಈ ಸಂಕಕ್ಕೂ ಹಾಗೇ ಹಾಕಿದೆ. ತಮ್ಮ ಸುತ್ತ ಒಂದು ಸಲ ತಿರುಗಿ ನೋಡಿ, “ಭಾಯಿ, ಇದರ ಮೇಲೆ ಆನೆ ಮೆರವಣಿಗೆ ಹೋಗ್ತದಾ?” ಅಂದ. ಅವನಿಗೆ ಎಲ್ಲದರಲ್ಲೂ ತಮಾಷೆ.

ಮೇ ತಿಂಗಳ ಕೊನೆಗೆ ಲಾರಿಯಲ್ಲಿ ಒಯ್ದು ಊರವರ ಹೆಗಲ ಮೇಲೆ ಹಳ್ಳಕ್ಕೆ ಇಳಿಸಿದೆವು. ಒಂದು ತುದಿ ಕಂಬದ ಮೇಲೆ ಕೂತಿತು, ಇನ್ನೊಂದು ತುದಿ ಗಾಳಿಯಲ್ಲಿ ನಿಂತಿತು. ಆಚೆ ಕಂಬದ ಮುಂದಿನ ಮಣ್ಣು ಕುಸಿದು ಕಂಬವೇ ಹಿಂದಕ್ಕೆ ವಾಲಿತ್ತು. ಹಿಂದಿನ ವಾರ ಗುಡುಗಿನೊಂದಿಗೆ ಬಂದ ಒಂದೇ ಮಳೆಯ ಕೆಲಸ ಅದು. ಅಕ್ಕೋರು ಚೀಲದಿಂದ ಅದೇ ಹಗ್ಗ ತೆಗೆದು ಹಿಡಿದು ನೋಡಿದರು.

“ನನ್ನ ಅಳತೆ ತಪ್ಪಲಿಲ್ಲ ಸಾಬ್ರೆ. ಹಳ್ಳವೇ ಅಗಲ ಆಯ್ತು.”

ಬಯ್ಯೋಣ ಅಂದರೆ ಯಾರನ್ನು ಬಯ್ಯುವುದು? ಕಂಬವನ್ನು ಹಿಂದೆ ಸರಿಸಿ ಹೊಸದಾಗಿ ಕಟ್ಟಿದರು. ನಾನು ಜನರೇಟರ್ ತಂದು ಅಲ್ಲೇ ಚಾಸಿಗೆ ತುಂಡು ಸೇರಿಸಿ ಉದ್ದ ಮಾಡಿದೆ. ಎರಡೂ ತುದಿಗೆ ದಪ್ಪ ಬೋಲ್ಟು ಹಾಕಿ, ಮೇಲೆ ಬೆಸುಗೆಯನ್ನೂ ಹಾಕಿದೆ. ಅಕ್ಕೋರ ಮಾವ, ಊರಿಗೆಲ್ಲ ಅಜ್ಜ, ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದವರು ಎಲೆಯಡಿಕೆ ಹಾಕಿಕೊಂಡು ಸುಮ್ಮನಾದರು. ಮಕ್ಕಳು ಬಗ್ಗಿ ನೋಡಿದರೆ ಬೀಳುತ್ತಾವೆ, ಎರಡೂ ಬದಿಗೆ ಜಾಳಿಗೆ ಹಾಕಿಕೊಡಿ ಅಂತ ಅಕ್ಕೋರು ಕೇಳಿಕೊಂಡರು. ಸಣ್ಣ ಕಣ್ಣಿನ ತಂತಿ ಜಾಳಿಗೆಯನ್ನು ಕೈಪಟ್ಟಿಯವರೆಗೆ ಬಿಗಿದುಕೊಟ್ಟೆ.

ತೆಂಗಿನಕಾಯಿ ಒಡೆದರು. ಮೊದಲ ಹೋಳು ನನ್ನ ಕೈಗೆ. ಮಕ್ಕಳು ಸಾಲಾಗಿ ದಾಟುವ ಬದಲು ನಡುವೆ ನಿಂತು ಕುಣಿದವು, ಶೀಟಿನ ಸದ್ದು ಕೇಳಿ ಮತ್ತೂ ಕುಣಿದವು. ಸಂಕ ಕೂದಲೆಳೆಯಷ್ಟೂ ಅಲುಗಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಹಾಡು ಗುನುಗುತ್ತಿದ್ದೆ ಅಂತ ತಮ್ಮ ಈಗಲೂ ಆಡಿಕೊಳ್ಳುತ್ತಾನೆ.

ಜೂನ್‌ನಲ್ಲಿ ಮಳೆ ಹಿಡಿದ ಸ್ವಲ್ಪ ದಿನಕ್ಕೇ ಅಕ್ಕೋರ ಫೋನು ಬಂತು. “ಬಂದು ನೋಡಿ ಹೋಗಿ,” ಅಂದರು, ಅಷ್ಟೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಂಕ ಹೋಗಿರಲಿಲ್ಲ, ಅದೇ ತೊಂದರೆಯಾಗಿತ್ತು. ಮೇಲಿಂದ ಬಂದ ತರಗೆಲೆ, ಬಳ್ಳಿ, ಟೊಂಗೆ ಎಲ್ಲ ಜಾಳಿಗೆಗೆ ಮೆತ್ತಿಕೊಂಡು ಸಂಕವೇ ಒಡ್ಡಾಗಿಬಿಟ್ಟಿತ್ತು. ಹಿಂದೆಯೇ ಬಂದ ಬೇರುಸಮೇತದ ಮರ ಅದಕ್ಕೆ ಒರಗಿ ನಿಂತಿತು. ದಾರಿ ಸಿಗದ ನೀರು ಪಕ್ಕದಿಂದ ಸುತ್ತು ಹಾಕಿ, ಆಚೆ ದಡವನ್ನು ಅಗೆದು, ಹೊಸ ಕಂಬವನ್ನು ಕಿತ್ತು, ಅಜ್ಜನ ಗದ್ದೆಯ ಸಸಿ ಮಡಿಯ ಮೇಲೆಲ್ಲ ಜಲ್ಲಿ ಮರಳು ಹರಡಿ ಹೋಗಿತ್ತು. ಚಾಸಿ ನಡುವಿನಲ್ಲಿ ತಿರುಚಿಕೊಂಡು ಬಿದ್ದಿತ್ತು. ನನ್ನ ಬೆಸುಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬರುವುದೊಂದು ಬಾಕಿ.

“ಜಾಳಿಗೆ ಹಾಕಿ ಅಂದವ್ಳು ನಾನೇ,” ಅಂದರು ಸೊಂಟಮಟ್ಟ ನೀರು ದಾಟಿ ಈಚೆ ಬಂದಿದ್ದ ಅಕ್ಕೋರು.

“ಮಕ್ಕಳು ಬೀಳಬಾರದು ಅಂತ ಅಂದಿರಿ. ಅದರಲ್ಲಿ ಏನು ತಪ್ಪಿದೆ?” ಅಂದೆ. ಅಂದೆನಾದರೂ ಸಿಟ್ಟು ಒಳಗೆ ಕುದಿಯುತ್ತಿತ್ತು. ಇನ್ನೂ ದಪ್ಪದ್ದು ಹಾಕುತ್ತೇನೆ, ಕಂಬ ಇನ್ನೂ ಆಳಕ್ಕೆ ಇಳಿಸೋಣ, ನೋಡೇಬಿಡೋಣ ಅಂತ ಹಳ್ಳಕ್ಕೆ ಕೇಳುವ ಹಾಗೆ ಕೂಗಿದೆ. “ಹೌದು, ಮುಂದಿನ ಸಲ ಲಾರಿಯನ್ನೇ ತಂದು ಅಡ್ಡ ನಿಲ್ಲಿಸು,” ಅಂದ ತಮ್ಮ. ಯಾರೂ ನಗಲಿಲ್ಲ. ಮಕ್ಕಳು ಆಚೆ ದಡದಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದವು. ಅವತ್ತು ಅಂಗನವಾಡಿಯಲ್ಲಿ ಈಚೆ ದಡದ ಇಬ್ಬರು ಮಕ್ಕಳಷ್ಟೇ ಇದ್ದರು.

ಬಾಗಿದ ಕಬ್ಬಿಣವನ್ನು ಶೆಡ್ಡಿಗೆ ತಂದು ಹಾಕಿ, ಅದರ ಮುಖ ನೋಡದೆ ಬೇರೆ ಕೆಲಸ ಮಾಡಿಕೊಂಡಿದ್ದೆ. ಆ ವಾರವೇ ಮರಳು ತುಂಬಿದ ಟಿಪ್ಪರ್ ಬಂತು. ಹಿಂಬಾಗಿಲು ತೆರೆಯುತ್ತಿಲ್ಲ. ದಾರಿಯಲ್ಲಿ ಬಾಗಿಲು ಗಡಗಡ ಅನ್ನುತ್ತದೆ ಅಂತ ಡ್ರೈವರ್ ಎಲ್ಲೋ ಚಿಲಕದ ಪಿನ್ನಿಗೇ ಬೆಸುಗೆ ಹಾಕಿಸಿಕೊಂಡು ಬಂದಿದ್ದ. ಮಳೆಯಲ್ಲಿ ನೆನೆದ ಮರಳು, ಅಡಿಯ ಸ್ಪ್ರಿಂಗ್ ಪ್ಲೇಟು ಕೂತುಹೋಗಿದೆ, ತೊಟ್ಟಿ ಎತ್ತಿದರೆ ಲಾರಿಯ ಮುಂಗಾಲೇ ಮೇಲೇಳುತ್ತದೆ. “ಬಾಗಿಲು ಬಿಡದೇ ಹೋದ್ರೆ ಗಾಡಿ ಮುರಿತದೆ ಉಸ್ತಾದ್,” ಅಂದ. ನಾನು ಬೆಸುಗೆ ಕತ್ತರಿಸಿ ಪಿನ್ನಿಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟೆ. ಬಾಗಿಲು ತೂಗಿಕೊಂಡಿತು, ಮರಳು ಸರ್ರನೆ ಸುರಿಯಿತು, ಪ್ಲೇಟು ಉಸಿರು ಬಿಟ್ಟ ಹಾಗೆ ಮೇಲೆದ್ದಿತು. ಬಾಗಿಲು ಎಲ್ಲಿಗೂ ಹೋಗಿರಲಿಲ್ಲ. ತನ್ನ ಬಿಜಾಗರಿಯಲ್ಲೇ ನೇತಾಡುತ್ತಿತ್ತು.

ಸುತ್ತಿಗೆ ಕೈಯಲ್ಲೇ ಇತ್ತು. ತಮ್ಮನಿಗೆ ಬೈಕು ತೆಗೆ ಅಂದೆ.

ಹಳ್ಳ ಇಳಿದಿತ್ತು, ದಾಟಿ ಹೋಗಿ ಅಜ್ಜನ ಮುಂದೆ ಕೂತು ಹೇಳಿದೆ. ಸಂಕದ ಈಚೆ ತುದಿಯನ್ನು ಉಕ್ಕಿನ ಹಗ್ಗದಿಂದ ಅಲ್ಲಿರುವ ದೊಡ್ಡ ಮತ್ತಿ ಮರಕ್ಕೆ ಕಟ್ಟುವುದು. ಆಚೆ ತುದಿಯನ್ನು ಒಂದೇ ಒಂದು ಪಿನ್ನು ಹಿಡಿದಿರುವುದು. ನೀರು ಏರಿದರೆ ಪಿನ್ನು ಎಳೆಯುವುದು. ನೀರು ಆಚೆ ತುದಿಯನ್ನು ತಳ್ಳಿಕೊಂಡು ಹೋಗುತ್ತದೆ, ಸಂಕ ಬಾಗಿಲಿನ ಹಾಗೆ ತಿರುಗಿ ಈಚೆ ದಡಕ್ಕೆ ಒರಗಿ ಬಿದ್ದಿರುತ್ತದೆ. ನೀರು ಇಳಿದ ಮೇಲೆ ಎಳೆದು ಮತ್ತೆ ಕೂರಿಸುವುದು. ಅಜ್ಜ ಕೇಳುತ್ತ ಕೇಳುತ್ತ ನಗಲು ಶುರು ಮಾಡಿದರು, ಕೆಮ್ಮು ಬರುವವರೆಗೂ ನಕ್ಕರು.

“ತಮಾ, ನಮ್ಮ ಅಡಿಕೆ ಸಂಕ ಮತ್ತೆ ಹೆಂಗಿತ್ತು ಅಂತ ಮಾಡಿದ್ದೆ? ಒಂದೇ ಬದಿ ಹಗ್ಗ ಕಟ್ಟೂದು. ಇನ್ನೊಂದು ಬದಿ ಕಲ್ಲಿನ ಮೇಲೆ ಸುಮ್ನೆ ಇಡೂದು. ಹಳ್ಳ ತಕ್ಕಂಡು ಹೋದ್ರೂ ಮರ ನಮ್ಮದೇ ದಡದಲ್ಲಿ ಇರ್ತಿತ್ತು.”

“ಮತ್ತೆ ನಾನು ಎರಡೂ ಕಡೆ ಬೋಲ್ಟು ಹಾಕುವಾಗ ಯಾಕೆ ಹೇಳಲಿಲ್ಲ ಅಜ್ಜ?”

“ಕಬ್ಬಿಣಕ್ಕೆ ಅಡಿಕೆ ಮರದ ಬುದ್ಧಿ ಹೇಳೂದಾ? ಅದಕ್ಕೆ ಇದೆಲ್ಲ ಬೇಡ ಅಂದ್ಕಂಡೆ.”

ಊರಿಗೆ ಊರೇ ಹಾಗೆ ಅಂದುಕೊಂಡಿತ್ತು. ಕಬ್ಬಿಣದ ಸಂಕ ಬಂತು, ಇನ್ನು ಯಾಕೆ ಅಂತ ಹಳೇ ಹಗ್ಗವನ್ನು ಕೊಟ್ಟಿಗೆಯ ದನಕ್ಕೆ ಕಟ್ಟಿದ್ದರು. ನನಗೆ ಗೌರವ ಕೊಟ್ಟು ನನ್ನ ಸಂಕ ಮುರಿಸಿದ ಜನ! ನಾನೂ ನಕ್ಕೆ.

ಅಕ್ಕೋರು ನಗಲಿಲ್ಲ. “ಬಿಟ್ಟು ಹೋಗೂ ಸಂಕದ ಮೇಲೆ ನಾ ಮಕ್ಳನ್ನ ಹೆಂಗೆ ನಡಿಸ್ಲಿ?” ಅಂದರು.

ಅದು ಸರಿಯಾದ ಪ್ರಶ್ನೆ. ಉತ್ತರ ಹುಡುಕಲು ಒಂದು ಸಂಜೆಯೆಲ್ಲ ಬೇಕಾಯಿತು. ಎಳೆಯುವವರೆಗೂ ಪಿನ್ನು ಜಪ್ಪಯ್ಯ ಅಂದರೂ ಬಿಡಬಾರದು, ಎಳೆದರೆ ಒಬ್ಬ ಹೆಂಗಸಿನ ಕೈಗೆ ಬರಬೇಕು. ಅದರ ತಂತಿ ಸಂಕದ ಅಡಿಯಿಂದ ಈಚೆ ದಡಕ್ಕೆ ಬಂದು ಒಂದು ಹಿಡಿಕೆಗೆ ಸೇರಬೇಕು. ಮಕ್ಕಳು ಆಟಕ್ಕೆ ಎಳೆಯದ ಹಾಗೆ ಹಿಡಿಕೆಗೆ ಬೀಗ, ಆಚೆ ಪಿನ್ನಿಗೆ ಬೀಗದ ಮುಚ್ಚಳ, ತಂತಿಯ ಎಳೆತಕ್ಕೆ ಮಾತ್ರ ಅದು ಅಡ್ಡಿಯಾಗದ ಹಾಗೆ. ಬಂಡೆಯ ಮೇಲೆ ಕೆಂಪು ಪ್ರೈಮರ್‌ನಿಂದ ಒಂದು ಗೆರೆ ಎಳೆಯುವುದು. ನೀರು ಗೆರೆ ಮುಟ್ಟಿದರೆ ಮೊದಲು ಬಿಡುವುದು, ಆಮೇಲೆ ಯೋಚನೆ. ಆ ಹೊತ್ತಿಗೆ ಯಾರು ಯಾವ ದಡದಲ್ಲಿ ಇದ್ದಾರೋ ಅಲ್ಲೇ ಉಳಿಯುವುದು. ಅದಕ್ಕೆ ಅಂಗನವಾಡಿಯಲ್ಲಿ ಹೊದಿಕೆ, ಅಕ್ಕಿ, ರವೆ ಮೊದಲೇ ತಂದಿಟ್ಟಿರಬೇಕು.

“ತಾಯಂದ್ರು ಒಪ್ಪಬೇಕು,” ಅಂದರು ಅಕ್ಕೋರು. ಒಪ್ಪಿಸಿದವರೂ ಅವರೇ, ಮನೆಮನೆಗೆ ಹೋಗಿ. ಒಬ್ಬಾಕೆ ಮಾತ್ರ ನನ್ನನ್ನು ನಿಲ್ಲಿಸಿ, ನಿಮ್ಮ ಮಗು ಆಗಿದ್ರೆ ಬಿಡ್ತಿದ್ರಾ ಅಂತ ಕೇಳಿದಳು. ಗಟ್ಟಿ ಸಂಕ ಏನು ಮಾಡಿತು ಅಂತ ನೀವೇ ನೋಡಿದಿರಲ್ಲ ತಾಯಿ ಅಂದೆ. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

“ಬೀಗದ ಕೀಲಿ ಯಾರ ಕೈಲಿ?” ಅಕ್ಕೋರು ಕೊನೆಗೆ ಕೇಳಿದರು.

“ಒಂದು ಅಜ್ಜನ ಹತ್ತಿರ. ಒಂದು ನಿಮ್ಮ ಹತ್ತಿರ.”

ಕೀಲಿಯನ್ನು ಸೊಂಟದ ಗೊಂಚಲಿಗೆ ಸೇರಿಸಿಕೊಂಡರು. ಅವತ್ತಿನಿಂದ ನನ್ನನ್ನು ಸಾಬ್ರೆ ಅನ್ನುವುದು ಬಿಟ್ಟು ಅಣ್ಣ ಅನ್ನತೊಡಗಿದರು.

ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಊರವರು ಆಚೆ ದಡದ ಬಂಡೆಗೆ ಸೇರಿಸಿ ಕಂಬ ಕಟ್ಟಿದರು, ಈ ಸಲ ಗಿಡ್ಡದಾಗಿ. ನಾನು ಶೆಡ್ಡಿನಲ್ಲಿ ನನ್ನದೇ ಬೆಸುಗೆಗಳನ್ನು ಗ್ಯಾಸ್ ಕಟರ್ ಹಿಡಿದು ಬಿಡಿಸಿದೆ. ಅಬ್ಬಾ ನೋಡಿದ್ದರೆ ಏನನ್ನುತ್ತಿದ್ದರೋ. ಮೊದಲಿನ ಸಂಕ ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗಿತ್ತು. ಈಗ ಚಾಸಿ ಬಿಟ್ಟು ಪೈಪು ಹಾಕಿದೆ, ಎಂಟು ಜನ ಎತ್ತಬೇಕಿದ್ದದ್ದು ನಾಲ್ಕು ಜನಕ್ಕೆ ಬಂತು. ಜಾಳಿಗೆ ಹೋಯಿತು. ಅದರ ಬದಲು ಎರಡೂ ಬದಿಗೆ ಲಾರಿ ಬಾಗಿಲಿನ ಹಾಗೆ ಬಿಜಾಗರಿ ಇರುವ ತಡೆ, ನಿಲ್ಲಿಸಿದರೆ ಮಗುವಿನ ಎದೆಯೆತ್ತರ. ಪಿನ್ನಿನ ತಂತಿಗೇ ತಡೆಗಳ ಕೊಂಡಿಯನ್ನೂ ಸೇರಿಸಿದೆ. ಹಿಡಿಕೆ ಎಳೆದರೆ ಮೊದಲು ತಡೆಗಳು ಮಲಗಬೇಕು, ಆಮೇಲೆ ಪಿನ್ನು ಬರಬೇಕು. ಆಚೆ ದಡದ ನೇರಳೆ ಮರಕ್ಕೆ ಲಾರಿ ಎಂಜಿನ್ ಎತ್ತುವ ಚೈನ್ ಪುಲ್ಲಿ ಕಟ್ಟಿ, ಅದರಿಂದ ಸಂಕದ ತುದಿಗೆ ಉದ್ದನೆಯ ಹಗ್ಗವನ್ನು ಸಡಿಲವಾಗಿ ಬಿಟ್ಟೆ. ಎಳೆದು ತರುವುದು ಅದರಿಂದ.

ಪರೀಕ್ಷೆಯ ದಿನ ಅಕ್ಕೋರು ಹಿಡಿಕೆಗೆ ಜೋತುಬಿದ್ದರೂ ಪಿನ್ನು ಬರಲಿಲ್ಲ. ನನ್ನ ಮುಖ ಸಣ್ಣದಾಯಿತು. ಪಿನ್ನನ್ನು ತುದಿಗೆ ಚೂಪಾಗುವ ಹಾಗೆ ಅರೆದು, ಗ್ರೀಸು ಬಳಿದು, ಹಿಡಿಕೆಯನ್ನು ಎರಡರಷ್ಟು ಉದ್ದ ಮಾಡಿದೆ. ಎರಡನೇ ಸಲ ಎಳೆದಾಗ ತಡೆಗಳು ಪಟಪಟ ಮಲಗಿ, ಪಿನ್ನು ಟಣ್ ಅಂತ ಹೊರಬಂತು. ಅಕ್ಕೋರು ಹಿಂದಕ್ಕೆ ಬಿದ್ದು ಕೂತಲ್ಲೇ ನಕ್ಕರು. ಆಚೆಯಿಂದ ಅವರ ಅತ್ತೆಯೂ ಪಕ್ಕದ ಮನೆಯ ಹೆಂಗಸೂ ಸರಪಳಿ ಎಳೆದು ಎಳೆದು ಸಂಕವನ್ನು ಮತ್ತೆ ಕಂಬಕ್ಕೆ ತಂದರು. “ಬಾವಿ ನೀರು ಸೇದಿದಾಂಗೇ ಆಯ್ತು,” ಅಂದರು ಅತ್ತೆ. ಆ ಮಾತಿನಷ್ಟು ಸಂತೋಷ ನನಗೆ ಯಾವ ಲಾರಿಯವನ ಹೊಗಳಿಕೆಯಿಂದಲೂ ಆಗಿರಲಿಲ್ಲ. ಮಕ್ಕಳು ಮತ್ತೆ ದಾಟಲು ಶುರು ಮಾಡಿದವು.

ಜುಲೈನಲ್ಲಿ ಒಂದು ಮಧ್ಯಾಹ್ನ ಯಲ್ಲಾಪುರದಲ್ಲಿ ತೆಳ್ಳನೆಯ ಬಿಸಿಲು. ಘಟ್ಟದ ಕಡೆ ಮಾತ್ರ ಆಕಾಶ ಮಸಿ ಬಳಿದಂತೆ ಕಪ್ಪಾಗಿತ್ತು. ನೋಡನೋಡುತ್ತಿದ್ದಂತೆ ನಮ್ಮ ತಗಡಿನ ಮೇಲೂ ಮಳೆ ಬಿತ್ತು, ಎದುರಿಗಿದ್ದವರ ಮಾತು ಕೇಳದಷ್ಟು. ಮುಂದೆ ಎಲ್ಲೋ ರಸ್ತೆಗೆ ಮಣ್ಣು ಕುಸಿದಿದೆ ಅಂತ ಸುದ್ದಿ ಬಂದು ಲಾರಿಗಳು ಸಾಲುಗಟ್ಟಿ ನಿಂತವು, ಡ್ರೈವರುಗಳು ನನ್ನ ಶೆಡ್ಡಿಗೆ ಬಂದು ನಿಂತರು. ನಾನು ಅಕ್ಕೋರಿಗೆ ಫೋನು ಮಾಡಿದೆ. ಹತ್ತುವುದಿಲ್ಲ. ಆ ಊರಲ್ಲಿ ಅಂಗನವಾಡಿಯ ಹಿಂದಿನ ದಿಣ್ಣೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವುದು. ನೀರು ಗೆರೆ ಮುಟ್ಟಿತಾ? ಮಕ್ಕಳು ಯಾವ ದಡದಲ್ಲಿದ್ದಾವೆ? ಅರ್ಧ ದಾರಿಯಲ್ಲಿ ಇದ್ದರೆ? ಪಿನ್ನಿಗೆ ಗ್ರೀಸು ಉಳಿದಿರುತ್ತದಾ? ಹೋಗೋಣ ಅಂದರೆ ರಸ್ತೆಯಿಲ್ಲ. ತಮ್ಮ ಚಹಾ ತಂದುಕೊಟ್ಟ, ತಮಾಷೆ ಮಾಡಲಿಲ್ಲ. ಚಹಾ ಲೋಟದಲ್ಲೇ ತಣ್ಣಗಾಯಿತು.

ಫೋನು ಬಂದಾಗ ಮೊದಲು ಕೇಳಿದ್ದು ಮಳೆಯ ಸದ್ದು, ಆಮೇಲೆ ಏದುಸಿರು.

“ಬಿಟ್ಟೆ ಅಣ್ಣಾ!”

“ಮಕ್ಕಳು?”

“ಇಲ್ಲೇ ಇದ್ವು, ಉಪ್ಪಿಟ್ಟು ತಿಂತಾ ಇದ್ವು. ಎಲ್ಲಾ ಇದ್ವು. ಹೊರಡಿಸೂಕೆ ಅಂತ ಬಂದು ನೋಡ್ತೆ, ನೀರು ಗೆರೆ ಹತ್ರ. ಗಡಿಬಿಡೀಲಿ ಬೀಗಕ್ಕೆ ಕೀಲಿನೇ ಹೋಗೂದಿಲ್ಲ. ಆಮೇಲೆ ಎಳೆದೆ. ಎಷ್ಟು ಚಂದ ಹೋಯ್ತು ಗೊತ್ತಾ ಅಣ್ಣ! ಬಾಗಿಲು ತೆಗೆದಾಂಗೆ ಹೋಯ್ತು. ಹಿಂದೇ ಒಂದು ಮರ ಬಂತು, ಸೀದಾ ಹಾದು ಹೋಯ್ತು.”

“ಹೋಯ್ತು!” ಅಂತ ನಾನು ಶೆಡ್ಡಿನಲ್ಲಿ ನಿಂತು ಕಿರುಚಿದೆ. “ನನ್ನ ಸಂಕ ಹೋಯ್ತು!”

ಡ್ರೈವರುಗಳು ಗಾಬರಿಯಾದರು. ಒಬ್ಬ ಹಿರಿಯ ನನ್ನ ಬೆನ್ನು ಸವರಿ, ಏನೂ ಮಾಡಲು ಬರುವುದಿಲ್ಲ ಉಸ್ತಾದ್, ದೇವರಿದ್ದಾನೆ ಅಂತ ಸಮಾಧಾನ ಹೇಳತೊಡಗಿದ. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಅವನಿಗೆ ತಿಳಿಯಲಿಲ್ಲ, ನನಗೂ ಅಷ್ಟು ಸರಿಯಾಗಿ ತಿಳಿದಿರಲಿಲ್ಲ. ತಮ್ಮ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಹೇಳಿ ಬಂದ.

ಮರುದಿನ ರಸ್ತೆ ಬಿಟ್ಟ ಕೂಡಲೇ ಹೋದೆ. ಮಕ್ಕಳು ಅಂಗನವಾಡಿಯಲ್ಲೇ ಮಲಗಿ ಎದ್ದು, ಅಕ್ಕೋರ ಕೈಯ ದೋಸೆ ತಿಂದು ಖುಷಿಯಾಗಿದ್ದವು. ನೀರು ಗೆರೆಯಿಂದ ಬಹಳ ಕೆಳಗಿಳಿದಿತ್ತು. ಸಂಕ ಈಚೆ ದಡಕ್ಕೆ ಒರಗಿ ಮಲಗಿತ್ತು, ಒಂದು ಪೈಪು ನೆಗ್ಗಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆಚೆಯಿಂದ ತಾಯಂದಿರೇ ಸರಪಳಿ ಎಳೆದರು. ನನಗೆ ಪ್ರಶ್ನೆ ಕೇಳಿದ್ದ ಆ ತಾಯಿ ಎಲ್ಲರಿಗಿಂತ ಮುಂದೆ ನಿಂತು ಎಳೆಯುತ್ತಿದ್ದಳು. ಅಜ್ಜ ಪಿನ್ನು ಇಳಿಸಿದರು. ಮೊದಲು ನಾನೊಬ್ಬನೇ ನಡೆದು ನೋಡಿ ಆಚೆ ದಡ ಮುಟ್ಟಿದೆ, ಮಕ್ಕಳನ್ನು ಕಳಿಸಿ ಅಂತ ಕೈ ಮಾಡಿದೆ.

ಸೂಪರ್‌ವೈಸರ್ ಮೇಡಮ್ಮು ಆಮೇಲೆ ಆಗಸ್ಟ್‌ನಲ್ಲಿ ಬಂದು, ಎರಡೂ ಕೈಯಿಂದ ತಡೆ ಹಿಡಿದುಕೊಂಡು ತಾವೇ ದಾಟಿ ನೋಡಿದರಂತೆ. ಅಂಗನವಾಡಿ ಅಲ್ಲೇ ಉಳಿಯಿತು. ಆದರೆ ಆ ಬೆಳಿಗ್ಗೆ ಅದೆಲ್ಲ ಇನ್ನೂ ಆಗಿರಲಿಲ್ಲ. ಆ ಬೆಳಿಗ್ಗೆ ಇದ್ದದ್ದು ಅಕ್ಕೋರ ಹಿಂದೆ ಸಾಲಾಗಿ ಬರುತ್ತಿದ್ದ ಮಕ್ಕಳು, ಶೀಟಿನ ಮೇಲೆ ಅವುಗಳ ಕಾಲಿನ ಸದ್ದು. ಎಲ್ಲಕ್ಕಿಂತ ಮುಂದಿದ್ದ ಪುಟ್ಟಿ ನಡುವೆ ನಿಂತು ನನ್ನನ್ನು ಕೇಳಿದಳು, “ಮತ್ತೆ ಯಾವಾಗ ಬಿಡೂದು?”

“ಅದು ಹಳ್ಳ ಹೇಳ್ತದೆ. ನೀ ಮೊದ್ಲು ಸೀದಾ ನಡಿ,” ಅಂದರು ಅಕ್ಕೋರು.

ಕೊನೆಯ ಮಗು ಬಂದು ತಾಯಿಯ ಸೆರಗು ಹಿಡಿಯಿತು. ಬೀಗ ಹಾಕಲು ಬಂದ ಅಜ್ಜ ನನ್ನ ಕೈಯನ್ನು ತೋರಿಸಿ ನಕ್ಕರು. ಬಿಡಲೆಂದೇ ಅರೆದು ಗ್ರೀಸು ಬಳಿದು ಮಾಡಿದ ಪಿನ್ನು ಅದು. ಮಕ್ಕಳು ದಾಟುವಷ್ಟು ಹೊತ್ತೂ ನಾನು ಅದನ್ನು ಎರಡೂ ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ನಿಂತಿದ್ದೆ.